ಸರ್ಚ್ ಸರ್ವರ್‌ನ ಒಳಗಿನ ಹಳೇ ಹೆಸರುಗಳನ್ನು ತೆಗೆಯಬೇಕು, ಹಳೇ ಇಂಡೆಕ್ಸ್ ಕೆಡದ ಹಾಗೆ ಹೇಗೆ?

ಬಿಲ್ಡ್_ಮುರಿದವ ಕೇಳಿದ್ದು

ನಮ್ಮದೊಂದು ಸರ್ಚ್ ಸರ್ವರ್ ಇದೆ. ಜಾವಾದಲ್ಲಿ ಬರೆದದ್ದು, ಅಡಿಯಲ್ಲಿ ಲುಸೀನ್ ಅನ್ನುವ ಸರ್ಚ್ ಲೈಬ್ರರಿ. ಏಳೆಂಟು ವರ್ಷದಿಂದ ಓಡುತ್ತಿದೆ. ಶುರುವಿನಲ್ಲಿ ಇದಕ್ಕೆ ಒಂದು ಹೆಸರಿತ್ತು, ಈಗ ಬೇರೆ ಹೆಸರು ಇಟ್ಟಿದ್ದಾರೆ. ಹಳೇ ಹೆಸರು ಎಲ್ಲೂ ಕಾಣಬಾರದು ಅಂತ ಮೇಲಿನವರ ಹಟ. ಹೊರಗೆ ಕಾಣುವ ಕಡೆ ಎಲ್ಲ ಆಗಲೇ ಬದಲಾಗಿದೆ, ಉಳಿದಿರುವುದು ಕೋಡ್ ಒಳಗಿನದು ಮಾತ್ರ. "ಒಳಗಿನದು ತಾನೇ, ಯಾರು ನೋಡುತ್ತಾರೆ, ಒಂದು ವಾರದಲ್ಲಿ ಮುಗಿಸಿ" ಅಂದರು. ನಾನೂ ಹೂಂ ಅಂದುಬಿಟ್ಟೆ.

ಗ್ರೆಪ್ ಹಾಕಿ ನೋಡಿದರೆ ನಾಲ್ಕು ಸಾವಿರಕ್ಕೂ ಜಾಸ್ತಿ ಕಡೆ ಸಿಕ್ಕಿತು. ಪ್ಯಾಕೇಜ್ ಹೆಸರು, ಕ್ಲಾಸ್ ಹೆಸರು, ಸೆಟ್ಟಿಂಗ್ ಕೀಗಳು, ಎಚ್‌ಟಿಟಿಪಿ ಹೆಡರ್, ಮೆಟ್ರಿಕ್ ಹೆಸರು, ಥ್ರೆಡ್ ಹೆಸರು. ಇದರ ಜೊತೆಗೆ ಪ್ರತಿ ಡಾಕ್ಯುಮೆಂಟಿಗೂ ನಾವೇ ಸೇರಿಸುವ ಮೂರು ಫೀಲ್ಡ್ ಇವೆ, ಅವುಗಳ ಹೆಸರು ಶುರುವಾಗುವುದೇ ಹಳೇ ಹೆಸರಿನಿಂದ. ಇಲ್ಲಿ ಸುಲಭಕ್ಕೆ ಹಳೆ_ಮೂಲ, ಹೊಸ_ಮೂಲ ಅಂತ ಬರೆಯುತ್ತೇನೆ.

ಎಡಿಟರ್‌ನಲ್ಲಿ ರೀನೇಮ್ ಕೊಟ್ಟೆ, ಅದಕ್ಕೆ ಸಿಗದಿದ್ದನ್ನು ಸೆಡ್‌ನಲ್ಲಿ ಬದಲಾಯಿಸಿದೆ. ಟೆಸ್ಟ್ ಎಲ್ಲ ಹಸಿರು. ಖುಷಿಯಿಂದ ಸ್ಟೇಜಿಂಗ್‌ಗೆ (ಪರೀಕ್ಷೆಯ ಸರ್ವರ್‌ಗೆ) ಹಾಕಿದೆ. ಸರ್ವರ್ ಶುರುವಾಯಿತು, ಹಳೇ ಇಂಡೆಕ್ಸ್ (ಹುಡುಕಲು ಡಿಸ್ಕಿನಲ್ಲಿ ಬರೆದಿಟ್ಟ ಡೇಟಾ) ತೆರೆಯುವ ಹೊತ್ತಿಗೆ ಬಿತ್ತು. ಈ ಹೆಸರಿನ ಕೋಡೆಕ್ (ಇಂಡೆಕ್ಸನ್ನು ಡಿಸ್ಕಿಗೆ ಬರೆಯುವ, ಓದುವ ಕೋಡ್) ಇಲ್ಲ, ಅದರ ಜಾರ್ ಫೈಲನ್ನು ಕ್ಲಾಸ್‌ಪಾತ್‌ಗೆ ಸೇರಿಸಿ ಅಂತ ಎರರ್. ಜಾರ್ ಅಲ್ಲೇ ಇದೆ ಮಾರಾಯ್ರೇ! ಕ್ಲಾಸೂ ಇದೆ, ಹೆಸರು ಬೇರೆ ಅಷ್ಟೇ.

ಪೂರ್ತಿ ರೀಇಂಡೆಕ್ಸ್ ಮಾಡೋಣ ಅಂದರೆ ಎಲ್ಲ ಗ್ರಾಹಕರ ಹತ್ತಿರ ಮೂಲ ಡೇಟಾ ಇಲ್ಲ, ಕೆಲವರಿಗೆ ಇಂಡೆಕ್ಸೇ ಗತಿ. ಕ್ಲಸ್ಟರ್ (ಒಟ್ಟಿಗೆ ಓಡುವ ಹಲವು ಸರ್ವರ್, ಅಂದರೆ ನೋಡ್‌ಗಳು) ಇಟ್ಟುಕೊಂಡವರು ಒಂದೊಂದೇ ನೋಡ್ ಇಳಿಸಿ ಅಪ್‌ಗ್ರೇಡ್ ಮಾಡುತ್ತಾರೆ, ಹಾಗಾಗಿ ಸ್ವಲ್ಪ ಹೊತ್ತು ಹಳೇ ನೋಡ್ ಹೊಸ ನೋಡ್ ಎರಡೂ ಒಟ್ಟಿಗೆ ಓಡುತ್ತಿರುತ್ತವೆ. ಈ ನಾಲ್ಕು ಸಾವಿರದಲ್ಲಿ ಯಾವುದನ್ನು ಕಣ್ಣು ಮುಚ್ಚಿ ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು? ಇದನ್ನು ಮೊದಲೇ ಮಾಡಿದವರು ಇದ್ದರೆ ಹೇಳಿ.

---

ಸೆಗ್ಮೆಂಟ್_ಸೊನ್ನೆ

ಟೆಸ್ಟ್ ಹಸಿರಾಗಿದ್ದು ಯಾಕೆ ಅಂತ ಮೊದಲು ನೋಡಿ. ನಿಮ್ಮ ಟೆಸ್ಟ್ ಪ್ರತಿ ಸಲ ಹೊಸ ಇಂಡೆಕ್ಸ್ ಮಾಡಿಕೊಂಡು ಅದನ್ನೇ ಓದುತ್ತದೆ. ಬರೆಯುವವನೂ ಹೊಸಬ, ಓದುವವನೂ ಹೊಸಬ. ಎರಡೂ ಕಡೆ ಹೆಸರು ಒಟ್ಟಿಗೆ ಬದಲಾದರೆ ಜಗಳ ಎಲ್ಲಿಂದ ಬರಬೇಕು? ಹಳೇ ಬಿಡುಗಡೆಯಲ್ಲಿ ಬರೆದ ಒಂದು ಚಿಕ್ಕ ಇಂಡೆಕ್ಸನ್ನು ಜಿಪ್ ಮಾಡಿ ಟೆಸ್ಟ್ ಫೋಲ್ಡರಿಗೆ ಹಾಕಿ, ಅದನ್ನು ತೆರೆದು ಹುಡುಕುವ ಟೆಸ್ಟ್ ಬರೆಯಿರಿ. ಲುಸೀನ್‌ನವರೂ ಹಾಗೇ ಮಾಡುತ್ತಾರೆ, ಹಳೇ ಆವೃತ್ತಿಗಳ ಇಂಡೆಕ್ಸ್ ಜಿಪ್‌ಗಳು ಅವರ ರೆಪೊದಲ್ಲೇ ಇವೆ. ಬೇರೆ ಏನೂ ಮಾಡುವ ಮೊದಲು ಇದನ್ನು ಮಾಡಿ.

ಇನ್ನು ಕೋಡೆಕ್ ವಿಷಯ. ಲುಸೀನ್ ಪ್ರತಿ ಸೆಗ್ಮೆಂಟ್, ಅಂದರೆ ಇಂಡೆಕ್ಸಿನ ಒಂದು ತುಂಡು, ಬರೆಯುವಾಗ ಅದರ ಜೊತೆಗೆ ಕೋಡೆಕ್‌ನ ಹೆಸರನ್ನೂ ಬರೆದಿಡುತ್ತದೆ. ಬರೆಯುವುದು ಕ್ಲಾಸಿನ ಹೆಸರನ್ನಲ್ಲ, ಕನ್‌ಸ್ಟ್ರಕ್ಟರ್‌ನಲ್ಲಿ ನೀವು ಸೂಪರ್‌ಗೆ ಕೊಡುವ ಸ್ಟ್ರಿಂಗನ್ನು. ತೆರೆಯುವಾಗ ಆ ಸ್ಟ್ರಿಂಗ್ ಓದಿ, ಈ ಹೆಸರಿನವರು ಯಾರಾದರೂ ಇದ್ದೀರಾ ಅಂತ ಎಸ್‌ಪಿಐಯನ್ನು, ಅಂದರೆ ಹೆಸರಿನಿಂದ ಕ್ಲಾಸ್ ಹುಡುಕಿಕೊಡುವ ಜಾವಾದ ವ್ಯವಸ್ಥೆಯನ್ನು, ಕೇಳುತ್ತದೆ. ನಿಮ್ಮ ಸೆಡ್ ಕ್ಲಾಸನ್ನೂ ಬದಲಾಯಿಸಿತು, ಸ್ಟ್ರಿಂಗನ್ನೂ ಬದಲಾಯಿಸಿತು. ಕ್ಲಾಸಿಗೆ, ಪ್ಯಾಕೇಜಿಗೆ ಏನು ಬೇಕಾದರೂ ಹೆಸರಿಡಿ. ಸರ್ವಿಸಸ್ ಫೋಲ್ಡರ್‌ನ ಫೈಲಿನಲ್ಲಿ ಹೊಸ ಕ್ಲಾಸ್ ಹೆಸರು ಸರಿಯಾಗಿ ಬರೆದರೆ ಸಾಕು. ಆ ಸ್ಟ್ರಿಂಗ್ ಮಾತ್ರ ಡಿಸ್ಕಿನ ಆಸ್ತಿ, ನಿಮ್ಮದಲ್ಲ.

ಸ್ಟ್ರಿಂಗೂ ಹೋಗಲೇಬೇಕು ಅಂತಿದ್ದರೆ ಎರಡು ಕೋಡೆಕ್ ಇಟ್ಟುಕೊಳ್ಳಿ. ಹಳೇ ಹೆಸರಿನದು ಓದಲು ಮಾತ್ರ, ಹೊಸ ಹೆಸರಿನದು ಬರೆಯಲು. ಹೊಸ ಡಾಕ್ಯುಮೆಂಟ್ ಬಂದ ಹಾಗೆ, ಸೆಗ್ಮೆಂಟ್‌ಗಳು ಮರ್ಜ್ ಆಗಿ ಒಂದಾದ ಹಾಗೆ ಹಳೇ ಸೆಗ್ಮೆಂಟ್‌ಗಳು ತಾವಾಗೇ ಕಡಿಮೆಯಾಗುತ್ತವೆ. ಪೂರ್ತಿ ಹೋಗುತ್ತವೆ ಅಂತ ನಂಬಬೇಡಿ. ದೊಡ್ಡ ಸೆಗ್ಮೆಂಟ್ ಒಂದು ಮರ್ಜ್ ಆಗದೆ ವರ್ಷಗಟ್ಟಲೆ ಹಾಗೇ ಕೂತಿರಬಹುದು. ಲುಸೀನ್ ಕೂಡ ಇದೇ ದಾರಿ ಹಿಡಿದಿದೆ. ಅವರ ಕೋಡೆಕ್ ಹೆಸರಿನಲ್ಲೇ ಆವೃತ್ತಿ ಇರುತ್ತದೆ, ಲುಸೀನ್90 ಅನ್ನುವ ಹಾಗೆ. ಹೊಸದು ಬಂದಾಗ ಹಳೆಯದನ್ನು ತಕ್ಷಣ ಅಳಿಸುವುದಿಲ್ಲ, ಬ್ಯಾಕ್‌ವರ್ಡ್ ಕೋಡೆಕ್ಸ್ ಅನ್ನುವ ಬೇರೆ ಜಾರ್‌ಗೆ ಎತ್ತಿಡುತ್ತಾರೆ.

ಅಂದಹಾಗೆ ಪೋಸ್ಟಿಂಗ್ಸ್ ಫಾರ್ಮ್ಯಾಟ್, ಡಾಕ್ ವ್ಯಾಲ್ಯೂಸ್ ಫಾರ್ಮ್ಯಾಟ್ (ಯಾವ ಪದ ಯಾವ ಡಾಕ್ಯುಮೆಂಟಿನಲ್ಲಿದೆ ಅನ್ನುವುದನ್ನು, ಸಾರ್ಟ್‌ಗೆ ಬೇಕಾದ ಬೆಲೆಗಳನ್ನು ಬರೆದಿಡುವ ರೀತಿಗಳು) ನಿಮ್ಮದೇ ಇದ್ದರೆ ಅವುಗಳ ಹೆಸರೂ ಪ್ರತಿ ಫೀಲ್ಡಿನ ಮಾಹಿತಿ ಜೊತೆ ಡಿಸ್ಕಿನಲ್ಲಿ ಕೂತಿರುತ್ತದೆ. ಫೈಲಿನ ತಲೆಯಲ್ಲಿ ಮ್ಯಾಜಿಕ್ ನಂಬರ್ ಆದ ಮೇಲೆ ಇನ್ನೊಂದು ಹೆಸರು ಇರುತ್ತದೆ, ಓದುವಾಗ ಅದು ಹೊಂದದಿದ್ದರೆ ಅಲ್ಲೂ ಬೀಳುತ್ತದೆ. ಒಂದನ್ನು ಸರಿಮಾಡಿದ ತಕ್ಷಣ ಇನ್ನೊಂದು ಎದ್ದು ಕೂರುತ್ತದೆ, ತಾಳ್ಮೆ ಇರಲಿ.

ನಾಲ್ಕು ಸಾವಿರದಲ್ಲಿ ಯಾವುದು ಅಂತ ಕೇಳಿದಿರಲ್ಲ. ಪ್ರತಿ ಹೆಸರಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಪ್ರೋಸೆಸ್ಸನ್ನು ಕಿಲ್ ಮಾಡಿದ ಮೇಲೂ ಈ ಹೆಸರು ಎಲ್ಲಾದರೂ ಬದುಕಿರುತ್ತದಾ? ಡಿಸ್ಕಿನಲ್ಲಿ, ಪಕ್ಕದ ನೋಡ್‌ನಲ್ಲಿ, ಯಾರದೋ ಕಾನ್ಫಿಗ್ ಫೈಲಿನಲ್ಲಿ, ಯಾರದೋ ಡ್ಯಾಶ್‌ಬೋರ್ಡಿನಲ್ಲಿ? ಬದುಕಿರುವುದಿಲ್ಲ ಅಂದರೆ ಇವತ್ತೇ ಬದಲಾಯಿಸಿ. ಲೋಕಲ್ ವೇರಿಯಬಲ್, ಪ್ರೈವೇಟ್ ಮೆಥಡ್, ಹೆಚ್ಚಿನ ಕ್ಲಾಸ್‌ಗಳು ಎಲ್ಲ ಇದರಲ್ಲಿ ಬಂದುಬಿಡುತ್ತವೆ. ನನ್ನ ಅಂದಾಜಿನಲ್ಲಿ ನಿಮ್ಮ ಪಟ್ಟಿಯ ಬಹುಪಾಲು ಇದೇ. ಥ್ರೆಡ್ ಹೆಸರೂ ಹೀಗೇ ಅಂತ ಅನಿಸುತ್ತದೆ, ಆದರೆ ಯಾರಾದರೂ ಥ್ರೆಡ್ ಡಂಪನ್ನು ಆ ಹೆಸರಿನಿಂದ ಸೋಸುವ ಸ್ಕ್ರಿಪ್ಟ್ ಬರೆದಿಟ್ಟಿರುತ್ತಾರೆ, ಒಂದು ಮಾತು ಕೇಳಿ.

ಕೊನೆಗೆ ಒಂದು ಎಚ್ಚರಿಕೆ. ಫೀಲ್ಡ್ ಹೆಸರುಗಳು ಇರುವ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಅಲ್ಲೇ ತಿದ್ದುವ ಯೋಚನೆ ಖಂಡಿತ ಬರುತ್ತದೆ. ನನಗೂ ಬಂದಿತ್ತು, ಒಮ್ಮೆ ಮಾಡಿಯೂ ಮಾಡಿದೆ. ಹಳೇ ಹೆಸರು, ಹೊಸ ಹೆಸರು ಎರಡೂ ಒಂಬತ್ತು ಅಕ್ಷರ, ಉದ್ದ ಕೂಡ ಬದಲಾಗುವುದಿಲ್ಲ, ಇನ್ನೇನು ಅಂದುಕೊಂಡೆ. ಲುಸೀನ್ 4.8ರಿಂದ ಪ್ರತಿ ಫೈಲಿನ ಬಾಲದಲ್ಲಿ ಚೆಕ್‌ಸಮ್ ಇರುತ್ತದೆ. ಇಂಡೆಕ್ಸ್ ಹಾಳಾಗಿದೆ ಅಂತ ಹೇಳಿ ಬಾಗಿಲು ಹಾಕಿಕೊಂಡಿತು. ಬ್ಯಾಕಪ್ ಇತ್ತು, ಬದುಕಿದೆ.

---

ಸುಮ್ನಿರಿ_ಸಾಕು

ಯಾಕೆ ಬದಲಾಯಿಸಬೇಕು ಅಂತ ಮೇಲಿನವರನ್ನು ಇನ್ನೊಂದು ಸಲ ಕೇಳಿ. ಎಚ್‌ಟಿಟಿಪಿಯಲ್ಲಿ ರೆಫರರ್ ಹೆಡರ್ ಇದೆಯಲ್ಲ, ಅದರ ಸ್ಪೆಲ್ಲಿಂಗೇ ತಪ್ಪು, ಒಂದು ಆರ್ ಕಮ್ಮಿ. 1996ರ ಆರ್‌ಎಫ್‌ಸಿ 1945 ಅನ್ನುವ ಎಚ್‌ಟಿಟಿಪಿ ದಾಖಲೆಯಲ್ಲೇ ಆ ತಪ್ಪು ಇದೆ. ಇವತ್ತಿಗೂ ಯಾರೂ ತಿದ್ದಿಲ್ಲ. ಆಮೇಲೆ ಬಂದ ರೆಫರರ್ ಪಾಲಿಸಿ ಹೆಡರ್‌ನಲ್ಲಿ ಸ್ಪೆಲ್ಲಿಂಗ್ ಸರಿ ಇದೆ. ಒಂದೇ ರಿಕ್ವೆಸ್ಟ್ ಸುತ್ತ ತಪ್ಪೂ ಸರಿಯೂ ಅಕ್ಕಪಕ್ಕ ಓಡಾಡಿಕೊಂಡಿವೆ, ವೆಬ್ ಮುಳುಗಿಲ್ಲ.

ಸ್ಟ್ರಿಂಗ್ ಮೇಲೆ ಒಂದು ಕಾಮೆಂಟ್ ಬರೆದು ಮಲಗಿ.

---

ಬಿಲ್ಡ್_ಮುರಿದವ

ಸುಮ್ನಿರಿ ಅವರೇ, ನನಗೂ ಅದೇ ಆಸೆ. ಆದರೆ ಸೆಟ್ಟಿಂಗ್ ಕೀಗಳು ಗ್ರಾಹಕರು ಕೈಯಾರೆ ಬರೆಯುವಂಥವು, ಹೊಸ ಗ್ರಾಹಕರು "ಇದು ಯಾರ ಹೆಸರು?" ಅಂತ ಕೇಳುತ್ತಾರೆ. ಅದನ್ನಂತೂ ಬದಲಾಯಿಸಲೇಬೇಕು.

ಸೆಗ್ಮೆಂಟ್ ಅವರ ಪ್ರಶ್ನೆ ಹಿಡಿದು ಪಟ್ಟಿಯನ್ನು ಸೋಸಿದೆ. ಕೋಡ್ ಒಳಗೇ ಸಾಯುವ ಹೆಸರುಗಳೇ ಬಹಳ, ಅವನ್ನೆಲ್ಲ ತೆಗೆದ ಮೇಲೆ ಇನ್ನೂರು ಚಿಲ್ಲರೆ ಉಳಿಯಿತು. ಅದರಲ್ಲಿ ಒಂದು ಭಯಂಕರದ್ದು ಸಿಕ್ಕಿತು: ನೋಡ್‌ನಿಂದ ನೋಡ್‌ಗೆ ಕ್ವೆರಿ ಕಳಿಸುವಾಗ ನಮ್ಮವರು ಕ್ವೆರಿ ಕ್ಲಾಸಿನ ಪೂರ್ತಿ ಹೆಸರನ್ನು, ಪ್ಯಾಕೇಜ್ ಸಮೇತ, ಸ್ಟ್ರಿಂಗ್ ಮಾಡಿ ಕಳಿಸುತ್ತಾರೆ. ಆ ಕಡೆಯ ನೋಡ್ ಆ ಹೆಸರಿನ ಕ್ಲಾಸನ್ನು ಲೋಡ್ ಮಾಡುತ್ತದೆ. ಅಂದರೆ ಪ್ಯಾಕೇಜ್ ರೀನೇಮ್ ಮಾಡಿದರೆ ಅಪ್‌ಗ್ರೇಡ್ ನಡುವೆ ಹಳೇ ನೋಡ್‌ಗೆ ಹೊಸ ನೋಡ್‌ನ ಮಾತೇ ಅರ್ಥವಾಗುವುದಿಲ್ಲ ಅಲ್ವಾ?

---

ರೋಲಿಂಗ್_ರಾತ್ರಿಪಾಳಿ

ಹೌದು, ಅರ್ಥವಾಗುವುದಿಲ್ಲ. ಒಂದು ನೋಡ್ ಅಪ್‌ಗ್ರೇಡ್ ಆದ ಕ್ಷಣದಿಂದ ಅರ್ಧ ಫಲಿತಾಂಶ ಬರುತ್ತದೆ, ಅಥವಾ ಬರುವುದೇ ಇಲ್ಲ. ತಂತಿಯ ಮೇಲೆ ಕ್ಲಾಸ್ ಹೆಸರು ಕಳಿಸುವುದನ್ನು ನಿಲ್ಲಿಸಿ, ಚಿಕ್ಕದೊಂದು ಅಡ್ಡಹೆಸರು ಕಳಿಸಿ. ಲುಸೀನ್ ಮೇಲೇ ಕಟ್ಟಿದ ಇಲಾಸ್ಟಿಕ್‌ಸರ್ಚ್ ಸರ್ವರ್‌ನಲ್ಲಿ ಹಾಗೇ ಇದೆ. ಪ್ರತಿ ಕ್ವೆರಿಗೂ ಟರ್ಮ್, ಮ್ಯಾಚ್, ಬೂಲ್ ಅಂತ ಒಂದು ಹೆಸರು, ಆ ಹೆಸರಿಗೆ ಯಾವ ಕ್ಲಾಸ್ ಅನ್ನುವ ಒಂದು ರಿಜಿಸ್ಟ್ರಿ. ಕ್ಲಾಸ್ ಎಲ್ಲಿಗೆ ಬೇಕಾದರೂ ಹೋಗಲಿ, ತಂತಿಯ ಮೇಲಿನ ಹೆಸರು ಅಲುಗುವುದಿಲ್ಲ. ಡೇಟಾವನ್ನು ಬೈಟ್ ಮಾಡಿ ಕಳಿಸುವ ಪ್ರೋಟೋಬಫ್ ಬಳಸುತ್ತಿದ್ದರೆ ಈ ತಲೆನೋವು ಇನ್ನೂ ಕಮ್ಮಿ, ಬೈನರಿಯಲ್ಲಿ ಫೀಲ್ಡ್ ಸಂಖ್ಯೆ ಮಾತ್ರ ಹೋಗುತ್ತದೆ, ಹೆಸರು ಹೋಗುವುದೇ ಇಲ್ಲ. ಆದರೆ ಅದನ್ನೇ ಜೇಸನ್ ಮಾಡಿ ಎಲ್ಲಾದರೂ ಉಳಿಸಿದ್ದರೆ ಅಲ್ಲಿ ಹೆಸರೇ ಇರುತ್ತದೆ, ಮತ್ತೆ ಸಿಕ್ಕಿಬಿದ್ದಿರಿ.

ಬಿಡುಗಡೆಯ ಕ್ರಮ ತುಂಬಾ ಮುಖ್ಯ. ಮೊದಲ ಬಿಡುಗಡೆ ಎರಡೂ ಹೆಸರನ್ನು ಓದಬೇಕು, ಆದರೆ ಹಳೆಯದನ್ನೇ ಬರೆಯಬೇಕು. ಜನ ಎಡವುವುದು ಇಲ್ಲೇ. ಎರಡನ್ನೂ ಓದುತ್ತೇವಲ್ಲ, ಹೊಸದನ್ನು ಬರೆದೇಬಿಡೋಣ ಅಂತ ಒಂದೇ ಬಿಡುಗಡೆಯಲ್ಲಿ ಮುಗಿಸುತ್ತಾರೆ. ಆಮೇಲೆ ಏನೋ ಕೆಟ್ಟು ಹಿಂದಿನ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಬೇಕಾಗುತ್ತದೆ, ಡಿಸ್ಕಿನಲ್ಲಿ ಆಗಲೇ ಹೊಸ ಹೆಸರು ಇರುತ್ತದೆ, ಹಿಂದಿನ ಆವೃತ್ತಿಗೆ ಅದು ಗೊತ್ತೇ ಇಲ್ಲ. ನಾನು ರಾತ್ರಿ ಎರಡು ಗಂಟೆಗೆ ಇದನ್ನು ಕಲಿತವನು. ಮುಂದಕ್ಕೂ ಹೋಗುವ ಹಾಗಿಲ್ಲ, ಹಿಂದಕ್ಕೂ ಬರುವ ಹಾಗಿಲ್ಲ. ಕೊನೆಗೆ ಹಿಂದಿನ ಆವೃತ್ತಿಗೇ ಹೊಸ ಹೆಸರು ಓದುವ ಮೂರು ಸಾಲು ಸೇರಿಸಿ, ಅದನ್ನು ಬಿಲ್ಡ್ ಮಾಡಿ ಹಾಕಿದೆವು. ಆ ಮೂರು ಸಾಲು ಒಂದು ಬಿಡುಗಡೆ ಮೊದಲೇ ಹೋಗಿದ್ದರೆ ನಿದ್ದೆ ಮಾಡುತ್ತಿದ್ದೆ.

ಎರಡನೇ ಬಿಡುಗಡೆ ಹೊಸದನ್ನು ಬರೆಯಲಿ. ಕ್ಲಸ್ಟರ್ ಇದ್ದರೆ ಎಲ್ಲ ನೋಡ್‌ಗಳಲ್ಲಿ ಅತಿ ಹಳೆಯದು ಯಾವ ಆವೃತ್ತಿ ಅಂತ ನೋಡಿ, ಅದಕ್ಕೆ ಹೊಸ ಹೆಸರು ಗೊತ್ತಿದ್ದರೆ ಮಾತ್ರ ಬರೆಯಲಿ. ಹಳೆಯದನ್ನು ತೆಗೆಯುವುದು ಅದಾದ ಮೇಲೆ, ಮುಂದಿನ ಮೇಜರ್ ಆವೃತ್ತಿಯಲ್ಲಿ.

ಸೆಟ್ಟಿಂಗ್ ಕೀ ಸುಲಭ. ಹೊಸ ಕೀ ಇದ್ದರೆ ಅದು, ಇಲ್ಲದಿದ್ದರೆ ಹಳೇ ಕೀ, ಅದೂ ಇಲ್ಲದಿದ್ದರೆ ಡೀಫಾಲ್ಟ್. ಎರಡೂ ಇದ್ದರೆ? ಇದನ್ನು ಮೊದಲೇ ತೀರ್ಮಾನ ಮಾಡಿ. ಒಬ್ಬರು ಫೈಲಿನಲ್ಲಿ ಹೊಸ ಕೀ ಬರೆದಿರುತ್ತಾರೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಹಳೇ ಕೀ ಬೇರೆ ಬೆಲೆ ಹೊತ್ತು ಬರುತ್ತಿರುತ್ತದೆ, ಅದು ಯಾರಿಗೂ ನೆನಪಿರುವುದಿಲ್ಲ. ಇಲಾಸ್ಟಿಕ್‌ಸರ್ಚ್‌ನಿಂದ ಕವಲೊಡೆದ ಓಪನ್‌ಸರ್ಚ್‌ನ 2.0ರಲ್ಲಿ ಮಾಸ್ಟರ್ ಅನ್ನುವ ಪದವನ್ನು ಕ್ಲಸ್ಟರ್ ಮ್ಯಾನೇಜರ್ ಅಂತ ಬದಲಾಯಿಸಿದರು. ರಿಕ್ವೆಸ್ಟ್‌ನಲ್ಲಿ ಹಳೇ ಟೈಮ್‌ಔಟ್ ಪ್ಯಾರಾಮೀಟರ್ ಕೊಟ್ಟರೂ ನಡೆಯುತ್ತಿತ್ತು, ಹೊಸದು ಕೊಟ್ಟರೂ ನಡೆಯುತ್ತಿತ್ತು, ಎರಡನ್ನೂ ಒಟ್ಟಿಗೆ ಕೊಟ್ಟರೆ ಮಾತ್ರ ಒಂದನ್ನೇ ಬಳಸಿ ಅಂತ ಎರರ್. ನನಗೆ ಇದು ಸರಿ ಅನಿಸುತ್ತದೆ. ಊಹೆ ಮಾಡುವುದಕ್ಕಿಂತ ಬೈಯುವುದು ವಾಸಿ.

ಓಪನ್‌ಸರ್ಚ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಿಮ್ಮ ಕೆಲಸವನ್ನೇ ಅವರು ದೊಡ್ಡದಾಗಿ ಮಾಡಿದ್ದಾರೆ. 2021ರಲ್ಲಿ ಇಲಾಸ್ಟಿಕ್‌ಸರ್ಚ್ 7.10.2ರಿಂದ ಕವಲೊಡೆದಾಗ ಪ್ಯಾಕೇಜ್ ಹೆಸರೆಲ್ಲ ಬದಲಾಯಿಸಿದರು, ಆವೃತ್ತಿಯನ್ನು 1.0ರಿಂದ ಶುರುಮಾಡಿದರು. ಹಳೇ ಕ್ಲೈಂಟ್‌ಗಳು ಸರ್ವರ್‌ಗೆ ನಿನ್ನ ಆವೃತ್ತಿ ಎಷ್ಟು ಅಂತ ಕೇಳಿ, 1.0 ಅಂದರೆ ಗಾಬರಿಯಾಗುತ್ತಿದ್ದವು. ಅದಕ್ಕೆ ಒಂದು ಸೆಟ್ಟಿಂಗ್ ಕೊಟ್ಟರು, ಅದನ್ನು ಆನ್ ಮಾಡಿದರೆ ಸರ್ವರ್ ತನ್ನನ್ನು 7.10.2 ಅಂತಲೇ ಹೇಳಿಕೊಳ್ಳುತ್ತಿತ್ತು. ಆವೃತ್ತಿ ಸಂಖ್ಯೆಯೂ ಒಂದು ಹೆಸರೇ ನೋಡಿ, ಅದನ್ನು ಯಾರೋ ಇಫ್ ಒಳಗೆ ಹಾಕಿಕೊಂಡಿರುತ್ತಾರೆ.

ಆಕ್ಷನ್ ಹೆಸರುಗಳಿಂದ ಅವರು ಬಚಾವಾದರು. ನೋಡ್‌ಗಳ ನಡುವೆ ಹುಡುಕಾಟಕ್ಕೆ ಬಳಸುವ ಹೆಸರು ಇಂಡೈಸಸ್, ಡೇಟಾ, ರೀಡ್, ಸರ್ಚ್ ಅನ್ನುವ ಪದಗಳಿಂದ ಮಾಡಿದ್ದು, ಅದರಲ್ಲಿ ಪ್ರಾಡಕ್ಟ್ ಹೆಸರೇ ಇಲ್ಲ. ಯಾರಿಗೆ ಯಾವ ಅನುಮತಿ ಅನ್ನುವುದೂ ಇದೇ ಹೆಸರುಗಳ ಮೇಲೆ ನಿಂತಿದೆ, ಹಾಗಾಗಿ ಇದನ್ನು ಮುಟ್ಟಿದ್ದರೆ ಎಲ್ಲರ ರೋಲ್‌ಗಳೂ ಒಡೆಯುತ್ತಿದ್ದವು. ಸೆಕ್ಯುರಿಟಿ ಪ್ಲಗಿನ್‌ನಲ್ಲಿ ಆ ಅದೃಷ್ಟ ಇರಲಿಲ್ಲ. ಸೆಟ್ಟಿಂಗ್ ಕೀ ಬದಲಾಯಿತು, ರೆಸ್ಟ್ ದಾರಿ ಬದಲಾಯಿತು, ಆದರೆ ಬಳಕೆದಾರರು ಮತ್ತು ರೋಲ್‌ಗಳನ್ನು ಇಡುವ ಇಂಡೆಕ್ಸಿನ ಹೆಸರಿನಲ್ಲಿ ಮಾತ್ರ ಅದರ ಹಳೇ ಪ್ರಾಡಕ್ಟ್ ಹೆಸರು ಓಪನ್ ಡಿಸ್ಟ್ರೋ ಹಾಗೇ ಉಳಿದುಕೊಂಡಿದೆ. ಇದನ್ನು ನಿಮ್ಮ ಮೇಲಿನವರಿಗೆ ತೋರಿಸಿ.

---

ನಕಲು_ಬಂತು

ಒಂದು ಸಣ್ಣ ಹೆಸರು ಬದಲಾಯಿಸಿ ನಾವು ತಿಂದ ಪೆಟ್ಟನ್ನು ಹೇಳುತ್ತೇನೆ, ಬೇರೆಯವರಾದರೂ ತಪ್ಪಿಸಿಕೊಳ್ಳಲಿ.

ನಮ್ಮ ಡಾಕ್ಯುಮೆಂಟ್ ಐಡಿ ಐಟಂ ಅನ್ನುವ ಪದ, ಅದರ ಮುಂದೆ ಕೋಲನ್, ಆಮೇಲೆ ಒಂದು ಸಂಖ್ಯೆ. ಹೊಸದಾಗಿ ಬಂದವರೊಬ್ಬರು ಕೋಡ್‌ನಲ್ಲಿ ಐಟಂ ಅನ್ನುವುದನ್ನೆಲ್ಲ ಪ್ರಾಡಕ್ಟ್ ಅಂತ ಮಾಡಿದರು. ರಿವ್ಯೂ ಮಾಡಿದವನು ನಾನೇ, ಸ್ವಚ್ಛವಾಗಿದೆ ಅಂತ ಒಪ್ಪಿಗೆಯೂ ಕೊಟ್ಟೆ. ಮಾರನೇ ದಿನ ಸರ್ಚ್ ಮಾಡಿದರೆ ಪ್ರತಿ ವಸ್ತು ಎರಡೆರಡು ಸಲ. ಒಂದಕ್ಕೆ ಹೊಸ ಬೆಲೆ, ಒಂದಕ್ಕೆ ಹಳೇ ಬೆಲೆ.

ಕಾರಣ ಸರಳ. ಲುಸೀನ್‌ನಲ್ಲಿ ಅಪ್‌ಡೇಟ್ ಅಂದರೆ ಆ ಐಡಿ ಇರುವ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸುವುದು. ಹೊಸ ಐಡಿ ಇಂಡೆಕ್ಸಿನಲ್ಲಿ ಇರಲೇ ಇಲ್ಲ, ಅಳಿಸಲು ಏನೂ ಸಿಗಲಿಲ್ಲ, ಸೇರಿಸುವುದು ಮಾತ್ರ ಆಯಿತು. ಸರಿ, ಅಪ್‌ಡೇಟ್ ಬಂದಾಗ ಹಳೇ ಐಡಿಯನ್ನೂ ಅಳಿಸೋಣ ಅಂತ ಒಂದು ತೇಪೆ ಹಾಕಿದೆವು. ಐದರಲ್ಲಿ ಒಂದು ಮಾತ್ರ ಸರಿಹೋಯಿತು, ನಾಲ್ಕು ಹಾಗೇ ಉಳಿದವು. ಅರ್ಧ ದಿನ ತಲೆ ಕೆರೆದುಕೊಂಡೆವು. ನಮ್ಮಲ್ಲಿ 5 ಶಾರ್ಡ್, ಅಂದರೆ ಇಂಡೆಕ್ಸನ್ನು ಹಂಚಿಟ್ಟ ಐದು ಭಾಗ, ಇದ್ದವು. ಐಡಿಯನ್ನು ಹ್ಯಾಶ್ ಮಾಡಿ (ಸಂಖ್ಯೆಯಾಗಿಸಿ), ಶಾರ್ಡ್ ಸಂಖ್ಯೆಯಿಂದ ಭಾಗಿಸಿ, ಉಳಿಯುವ ಶೇಷದ ಮೇಲೆ ಡಾಕ್ಯುಮೆಂಟ್ ಯಾವ ಶಾರ್ಡಿಗೆ ಅಂತ ತೀರ್ಮಾನವಾಗುತ್ತದೆ. ಐಡಿ ಬದಲಾದರೆ ಹ್ಯಾಶ್ ಬದಲಾಗುತ್ತದೆ, ಹೊಸದು ಬೇರೆ ಶಾರ್ಡಿಗೆ ಹೋಗಿ ಕೂರುತ್ತದೆ. ನಮ್ಮ ತೇಪೆ ಹೊಸ ಶಾರ್ಡಿನಲ್ಲಿ ನಿಂತು ಹಳೇ ಐಡಿಯನ್ನು ಹುಡುಕುತ್ತಿತ್ತು. ಅದು ಪಕ್ಕದ ಮನೆಯಲ್ಲಿತ್ತು.

ಐಡಿ ಒಳಗಿನ ಪದ ಪದವಲ್ಲ, ಬರೀ ಬೈಟ್‌ಗಳು. ಈಗಲೂ ನಮ್ಮಲ್ಲಿ ಐಟಂ ಅಂತಲೇ ಇದೆ.

ಇನ್ನೊಂದು, ಹೆಸರು ತಪ್ಪಿದರೆ ಎರರ್ ಬಂದೇ ಬರುತ್ತದೆ ಅಂದುಕೊಳ್ಳಬೇಡಿ. ಲುಸೀನ್‌ಗೆ ಇಲ್ಲದ ಫೀಲ್ಡ್ ಹೆಸರು ಕೊಟ್ಟು ಹುಡುಕಿದರೆ ಸೊನ್ನೆ ಫಲಿತಾಂಶ ಕೊಟ್ಟು ಸುಮ್ಮನಾಗುತ್ತದೆ. ಇಲಾಸ್ಟಿಕ್‌ಸರ್ಚ್‌ನಲ್ಲೂ ಹಾಗೇ. ಲುಸೀನ್ ಮೇಲಿನ ಇನ್ನೊಂದು ಸರ್ವರ್ ಸೋಲರ್ ಆದರೆ ಇಂಥ ಫೀಲ್ಡ್ ಇಲ್ಲ ಅಂತ 400 ಎರರ್ ಎಸೆಯುತ್ತದೆ, ನನಗೆ ಆ ಒರಟುತನವೇ ಇಷ್ಟ. ಮೆಟ್ರಿಕ್ ಹೆಸರೂ ಹೀಗೇ. ಹೆಸರು ಬದಲಾದರೆ ಅಲರ್ಟಿಗೆ ಡೇಟಾ ಸಿಗುವುದಿಲ್ಲ, ಡೇಟಾ ಇಲ್ಲ ಅಂದರೆ ಎಲ್ಲ ಕ್ಷೇಮ ಅಂತ ಅದು ತಿಳಿದುಕೊಂಡಿರುತ್ತದೆ.

---

ಅಲಿಯಾಸ್_ಪ್ರಿಯ

ಆ ಮೂರು ಫೀಲ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಇಲಾಸ್ಟಿಕ್‌ಸರ್ಚ್ 6.4ರಿಂದ ಫೀಲ್ಡ್ ಅಲಿಯಾಸ್ ಇದೆ. ನೀವೂ ಅಂಥದ್ದೊಂದು ಮಾಡಿಕೊಳ್ಳಿ. ಕ್ವೆರಿಯಲ್ಲಿ ಹೊಸ_ಮೂಲ ಅಂತ ಬಂದರೆ ಒಳಗೆ ಹಳೆ_ಮೂಲ ಅಂತ ಓದುವುದು, ಅಷ್ಟೇ. ಒಂದು ಹ್ಯಾಶ್‌ಮ್ಯಾಪ್ ಕೆಲಸ. ರೀಇಂಡೆಕ್ಸ್ ಬೇಡ, ಏನೂ ಬೇಡ.

---

ಸೆಗ್ಮೆಂಟ್_ಸೊನ್ನೆ

ಅಷ್ಟೇ ಅಲ್ಲ, ಅಲಿಯಾಸ್ ಅವರೇ. ಅಲಿಯಾಸ್ ಕ್ವೆರಿಗೆ ನಡೆಯುತ್ತದೆ, ಸಾರ್ಟ್‌ಗೆ ನಡೆಯುತ್ತದೆ. ಆದರೆ ಇಲಾಸ್ಟಿಕ್‌ಸರ್ಚ್‌ನಲ್ಲೇ ಆ ಹೆಸರಿಗೆ ಡೇಟಾ ಬರೆಯಲು ಹೋದರೆ ಬಿಡುವುದಿಲ್ಲ, ಮತ್ತು ಸೋರ್ಸ್, ಅಂದರೆ ಮೂಲ ಡಾಕ್ಯುಮೆಂಟ್, ವಾಪಸ್ ಬರುವಾಗ ಮೊದಲು ಕಳಿಸಿದ ಹೆಸರಿನಲ್ಲೇ ಬರುತ್ತದೆ. ಬಳಕೆದಾರ ಹೊಸ_ಮೂಲ ಅಂತ ಹುಡುಕುತ್ತಾನೆ, ಉತ್ತರದಲ್ಲಿ ಹಳೆ_ಮೂಲ ಬರುತ್ತದೆ. ಮೇಲಿನವರ ಕಣ್ಣಿಗೆ ಬೀಳುವುದು ಅದೇ. ಹಾಗಾಗಿ ಒಳಗೆ ಬರುವಾಗ ಒಂದು ಅನುವಾದ, ಹೊರಗೆ ಹೋಗುವಾಗ ಇನ್ನೊಂದು ಅನುವಾದ ಬೇಕು. ಹೈಲೈಟ್, ಫೇಸೆಟ್, ಎರರ್ ಸಂದೇಶ, ಸ್ಕೋರ್ ವಿವರಣೆ, ಇವೆಲ್ಲದರಲ್ಲೂ ಫೀಲ್ಡ್ ಹೆಸರು ನುಸುಳುತ್ತದೆ. ಕ್ವೆರಿ ಸ್ಟ್ರಿಂಗ್ ಒಳಗೆ ಕೋಲನ್ ಹಾಕಿ ಬರೆದದ್ದನ್ನು ಸ್ಟ್ರಿಂಗ್ ರಿಪ್ಲೇಸ್‌ನಲ್ಲಿ ಮಾಡಬೇಡಿ, ಪಾರ್ಸ್ ಆದ ಮೇಲೆ ಮಾಡಿ. ಇಲ್ಲದಿದ್ದರೆ ಯಾರೋ ಆ ಪದವನ್ನೇ ಹುಡುಕಿದಾಗ ಅದೂ ಬದಲಾಗಿ ಹೋಗುತ್ತದೆ.

---

ಅಲಿಯಾಸ್_ಪ್ರಿಯ

ಒಪ್ಪಿದೆ, ಹೊರಗೆ ಹೋಗುವ ದಾರಿ ಮರೆತಿದ್ದೆ. ಸೋಲರ್‌ನಲ್ಲಿ ಯಾವ ಫೀಲ್ಡ್ ಬೇಕು ಅಂತ ಕೇಳುವಾಗಲೇ ಹೊಸ ಹೆಸರು, ಕೋಲನ್, ಹಳೇ ಹೆಸರು ಅಂತ ಕೊಟ್ಟರೆ ಉತ್ತರ ಹೊಸ ಹೆಸರಿನಲ್ಲಿ ಬರುತ್ತದೆ, ಅದರ ಕೋಡ್ ನೋಡಿ ಕಲಿಯಬಹುದು.

ಆದರೂ ನನ್ನ ಪಕ್ಷ ನಾನು ಬಿಡುವುದಿಲ್ಲ. ಜಾಪಿಯನ್ ಅನ್ನುವ ಇನ್ನೊಂದು ಸರ್ಚ್ ಲೈಬ್ರರಿ ನೋಡಿ. ಅಲ್ಲಿ ಇಂಡೆಕ್ಸ್ ಒಳಗೆ ಟೈಟಲ್ ಅನ್ನುವ ಪದವೇ ಇರುವುದಿಲ್ಲ. ಟೈಟಲ್‌ನ ಪ್ರತಿ ಪದದ ಮುಂದೆ ಎಸ್ ಅನ್ನುವ ಒಂದೇ ಅಕ್ಷರ, ಲೇಖಕರಿಗೆ ಎ, ಐಡಿಗೆ ಕ್ಯೂ. ಅದು ಅವರ ರೂಢಿ. ಟೈಟಲ್ ಅಂದರೆ ಎಸ್ ಅಂತ ಕ್ವೆರಿ ಪಾರ್ಸರ್‌ಗೆ ಹೇಳಿಕೊಡುವುದು ಒಂದು ಸಾಲು. ನಾಳೆ ಅದನ್ನು ಹೆಡ್‌ಲೈನ್ ಅಂತ ಕರೆಯಬೇಕು ಅನಿಸಿದರೆ ಆ ಸಾಲಿನ ಪಕ್ಕ ಇನ್ನೊಂದು ಸಾಲು, ಇಂಡೆಕ್ಸ್ ಮುಟ್ಟುವ ಪ್ರಶ್ನೆಯೇ ಇಲ್ಲ. ಡಿಸ್ಕಿನಲ್ಲಿರುವ ಹೆಸರಿಗೆ ಅರ್ಥ ಕಮ್ಮಿ ಇದ್ದಷ್ಟೂ ಅದನ್ನು ಬದಲಾಯಿಸುವ ಆಸೆ ಯಾರಿಗೂ ಬರುವುದಿಲ್ಲ. ನಿಮ್ಮ ಕಷ್ಟವೆಲ್ಲ ಶುರುವಾದದ್ದು ಮೂರು ಫೀಲ್ಡಿಗೆ ಪ್ರಾಡಕ್ಟ್ ಹೆಸರು ಇಟ್ಟ ದಿನ. ಹೊಸ ಫೀಲ್ಡ್ ಮಾಡುವುದಿದ್ದರೆ ದಯವಿಟ್ಟು ಈಗಿನ ಹೊಸ ಹೆಸರನ್ನೂ ಹಾಕಬೇಡಿ.

---

ರೋಲಿಂಗ್_ರಾತ್ರಿಪಾಳಿ

ಹಳೇ ಕೀ ತೆಗೆಯುವ ಮೊದಲು ಯಾರು ಇನ್ನೂ ಬಳಸುತ್ತಿದ್ದಾರೆ ಅಂತ ಎಣಿಸಿ. ಲಾಗ್‌ನಲ್ಲಿ ಎಚ್ಚರಿಕೆ ಹಾಕಿದರೆ ಯಾರೂ ಓದುವುದಿಲ್ಲ, ಅದೂ ಪ್ರತಿ ರಿಕ್ವೆಸ್ಟಿಗೆ ಒಂದು ಸಾಲು ಹಾಕಿದರೆ ಡಿಸ್ಕ್ ತುಂಬಿ ಅದೇ ಒಂದು ಹೊಸ ತೊಂದರೆ. ಒಂದು ಹೆಸರಿಗೆ ಒಮ್ಮೆ ಸಾಕು. ಇಲಾಸ್ಟಿಕ್‌ಸರ್ಚ್ ಉತ್ತರದ ಜೊತೆಗೇ ವಾರ್ನಿಂಗ್ ಹೆಡರ್‌ನಲ್ಲಿ 299 ಅಂತ ಕಳಿಸುತ್ತದೆ, ಹಾಗೆ ಮಾಡಿದರೆ ಬರೆದವನ ಕಣ್ಣಿಗೇ ಬೀಳುತ್ತದೆ. ಜೊತೆಗೆ ಒಂದು ಕೌಂಟರ್ ಇಡಿ. ಎರಡು ಬಿಡುಗಡೆ ಕಳೆದರೂ ಕೌಂಟರ್ ಸೊನ್ನೆ ಆಗದಿದ್ದರೆ ಫೋನ್ ಮಾಡಿ.

---

ಬಿಲ್ಡ್_ಮುರಿದವ

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಹಿಂದಿನ ಮೂರು ಬಿಡುಗಡೆಗಳಲ್ಲಿ ಒಂದೊಂದು ಚಿಕ್ಕ ಇಂಡೆಕ್ಸ್ ಮಾಡಿ ಟೆಸ್ಟ್ ಫೋಲ್ಡರಿಗೆ ಹಾಕಿದೆ. ಮೊದಲ ಸಲ ಓಡಿಸಿದಾಗ ಹದಿನಾಲ್ಕು ಟೆಸ್ಟ್ ಕೆಂಪು. ಅದರಲ್ಲಿ ಎರಡು ನನ್ನ ರೀನೇಮ್‌ನಿಂದ ಅಲ್ಲ, ಹೋದ ವರ್ಷದಿಂದಲೇ ಒಡೆದಿದ್ದವು. ಯಾರೂ ಗಮನಿಸಿರಲಿಲ್ಲ!

ಕೋಡ್ ಒಳಗೇ ಸಾಯುವ ಹೆಸರುಗಳನ್ನೆಲ್ಲ ಒಂದೇ ಕಮಿಟ್‌ನಲ್ಲಿ ಬದಲಾಯಿಸಿದೆ, ಅದರಲ್ಲಿ ಬೇರೆ ಏನೂ ಸೇರಿಸಲಿಲ್ಲ. ಕೋಡೆಕ್ ಸ್ಟ್ರಿಂಗ್ ಮುಟ್ಟಲಿಲ್ಲ, ಫಾರ್ಮ್ಯಾಟ್ ಹೆಸರುಗಳನ್ನೂ ಮುಟ್ಟಲಿಲ್ಲ. ಕ್ವೆರಿ ಕ್ಲಾಸ್‌ಗಳಿಗೆ ಅಡ್ಡಹೆಸರು ಮತ್ತು ರಿಜಿಸ್ಟ್ರಿ ಬಂತು. ಈ ಬಿಡುಗಡೆಯಲ್ಲಿ ಹಳೇ ಪೂರ್ತಿ ಹೆಸರನ್ನೇ ಕಳಿಸುತ್ತೇವೆ, ಎರಡನ್ನೂ ಓದುತ್ತೇವೆ. ಅಂದರೆ ಹೊಸ ಕೋಡ್ ಒಳಗೆ ಹಳೇ ಪ್ಯಾಕೇಜ್ ಹೆಸರು ಸ್ಟ್ರಿಂಗ್ ಆಗಿ ಒಂದು ಟೇಬಲ್‌ನಲ್ಲಿ ಕೂತಿದೆ. ಸೆಟ್ಟಿಂಗ್ ಕೀ ಎರಡೂ ನಡೆಯುತ್ತವೆ, ಒಟ್ಟಿಗೆ ಕೊಟ್ಟರೆ ಸರ್ವರ್ ಶುರುವಾಗುವುದಿಲ್ಲ.

ಮೂರು ಫೀಲ್ಡ್‌ಗಳಿಗೆ ಒಳಗೆ ಬರುವಾಗ, ಹೊರಗೆ ಹೋಗುವಾಗ ಅನುವಾದ ಹಾಕಿದ್ದೇನೆ. ಸ್ಕೋರ್ ವಿವರಣೆಯಲ್ಲಿ ಇನ್ನೂ ಹಳೇ ಹೆಸರೇ ಬರುತ್ತಿದೆ, ಅದನ್ನು ಹಾಗೇ ಬಿಟ್ಟೆ.

ಮೇಲಿನವರಿಗೆ ಓಪನ್‌ಸರ್ಚ್‌ನ ಆ ಸೆಕ್ಯುರಿಟಿ ಇಂಡೆಕ್ಸ್ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅವರೇ ಬಿಟ್ಟಿದ್ದಾರಾ?" ಅಂತ ಕೇಳಿದರು. ಹೌದು ಅಂದೆ. ಈಗ ಗ್ರೆಪ್ ಹಾಕಿದರೆ ಹಳೇ ಹೆಸರು 61 ಕಡೆ ಸಿಗುತ್ತದೆ, ಪ್ರತಿಯೊಂದರ ಮೇಲೂ ಯಾಕಿದೆ ಅಂತ ಒಂದು ಸಾಲು ಕಾಮೆಂಟ್ ಇದೆ.